ಐದನೇ ಫಾರಮ್ಮಿನಲ್ಲಿ ಸೊಳ್ಳೆ

ಫೆಬ್ರವರಿ ೩೦, ೨೩೧೯

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 'ನಮ್ಮ ಅಧ್ಯಾಪಕರ ಹಾಗೂ ಹಳೆಯ ವಿದ್ಯಾರ್ಥಿಗಳ ಹೊಸ ಪುಸ್ತಕಗಳು' ಎಂಬ ಫಲಕದಡಿ ಮುನ್ನೂರು ವರ್ಷಗಳ ಹಿಂದೆ ತಮ್ಮ ಕೃತಿಯನ್ನು ಇಟ್ಟು ಹೋದ ಮಾನ್ಯರಿಗೆ,

ತಾರೀಖು ಕಂಡು ಕೈತಪ್ಪೆಂದು ತಿಳಿಯಬೇಡಿ. ಪುಸ್ತಕ ಬಿಡುಗಡೆಗಳಿಗೆ ದಿನ ಸಾಲದೆ ನಮ್ಮ ಸಿಂಡಿಕೇಟು ಫೆಬ್ರವರಿಗೆ ಎರಡು ದಿನ ಸೇರಿಸಿ ನೂರು ವರ್ಷವಾಯಿತು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ವಿಚಿತ್ರವೆನಿಸದಿದ್ದರೆ ನೀವೇ ಕ್ಷಮೆ ಕೇಳಬೇಕಾಗುತ್ತದೆ.

ನಾನು ಇಲ್ಲಿ ಪ್ರಥಮ ದರ್ಜೆ ಓದುಗಾಧಿಕಾರಿ. ಅಂದರೆ ಸಂಬಳಕ್ಕೆ ಓದುವವನು. ನಿಮ್ಮ ಕಾಲದಲ್ಲಿ ಈ ಕೆಲಸವನ್ನು ಕೆಲವರು ಪುಕ್ಕಟೆ ಮಾಡುತ್ತಿದ್ದರಂತೆ, ನಂಬುವುದು ಕಷ್ಟ. ಇಲ್ಲಿ ಎಲ್ಲರೂ ಬರೆಯುತ್ತಾರೆ: ಅಧ್ಯಾಪಕರು ಬಡ್ತಿಗೆ, ಹಳೆಯ ವಿದ್ಯಾರ್ಥಿಗಳು ನೆನಪಿಗೆ, ಕುಲಪತಿಗಳು ಅಭ್ಯಾಸಬಲದಿಂದ. ಬಿಡುಗಡೆಯೆಂದರೆ ಓದುವುದರಿಂದ ಬಿಡುಗಡೆ. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊಗೆ ನಿಂತು, ಕೃತಿ ನಿನ್ನೆಯಷ್ಟೇ ಕೈಸೇರಿತು ಎನ್ನುತ್ತಾರೆ. ಪ್ರಾರ್ಥನೆಯ ನಂತರ ಅದೀಗ ಕಡ್ಡಾಯ ವಾಕ್ಯ. ಮರಗಳು ಕಡಿಮೆಯಾದ್ದರಿಂದ ಒಂದು ನಿಯಮವಿದೆ. ವರ್ಷದೊಳಗೆ ಒಬ್ಬ ಓದುಗಾಧಿಕಾರಿ ಕೊನೆಯ ಪುಟದವರೆಗೆ ಓದಿ 'ಅಂತ್ಯಪುಟ ಪತ್ರ'ಕ್ಕೆ ಸಹಿ ಹಾಕಿದರೆ ಪುಸ್ತಕ ಕಪಾಟಿಗೆ, ಇಲ್ಲದಿದ್ದರೆ ರುಬ್ಬುಮನೆಗೆ. ಅಲ್ಲಿ ಎಲ್ಲ ಪ್ರತಿಗಳನ್ನೂ ನೆನೆಸಿ, ರುಬ್ಬಿ, ಮುಂದಿನ ವರ್ಷದ ಪುಸ್ತಕಗಳಿಗೆ ಹಾಳೆ ಮಾಡುತ್ತಾರೆ. ಸಹಿ ಒಮ್ಮೆ ರದ್ದಾದರೆ ಮತ್ತೆ ಹಾಕುವಂತಿಲ್ಲ. ಕರುಣಾಳುವಾದ ನಾನು ಎಲ್ಲದಕ್ಕೂ ಸಹಿ ಹಾಕುತ್ತಿದ್ದೆ. ಮುನ್ನುಡಿ ನೋಡುತ್ತಿದ್ದೆ, ಬೆನ್ನುಡಿ ನೋಡುತ್ತಿದ್ದೆ. ನಡುವೆ ನುಡಿ ಇದೆಯೆಂಬುದು ನಂಬಿಕೆ.

ಕಳೆದ ತಿಂಗಳು ನೀಲಾಂಬಿಕೆ ಹೂಗಾರ ಎಂಬ ಹಳೆಯ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದರು. ಹಾಸ್ಟೆಲ್ ಮೆಸ್ಸಿನಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ತಾಯಿಯ ಬಗ್ಗೆ ಆಕೆ ಬರೆದ 'ಎರಡನೇ ಪಾಳಿಯ ರೊಟ್ಟಿ' ನನ್ನ ಸಹಿ ಪಡೆದು ಕಪಾಟು ಸೇರಿತ್ತು. ಆಕೆ ಕೂರಲಿಲ್ಲ. ಪತ್ರದಲ್ಲಿ ನಾನು ಬರೆದಿದ್ದ ಷರಾವನ್ನು ನನಗೇ ಓದಿ ಹೇಳಿದರು: ಕೊನೆಯ ಅಧ್ಯಾಯದಲ್ಲಿ ಕಣ್ಣು ತೇವವಾಯಿತು. ಆಮೇಲೆ ಕೇಳಿದರು.

"ಸರ, ಅರವತ್ನಾಲ್ಕನೇ ಪುಟ ಆದ ಮ್ಯಾಲ ನಮ್ಮವ್ವಗ ಏನಾತು, ಹೇಳ್ರಿ."

ತ್ಯಾಗ, ಅಂತಃಕರಣ, ನೆಲದ ಸೊಗಡು ಎಂದು ನಾನು ತೊದಲುತ್ತಿದ್ದಂತೆ ಪುಸ್ತಕ ತೆರೆದು ಮುಂದಿಟ್ಟರು. ಅರವತ್ತೈದರಿಂದ ಎಂಬತ್ತರವರೆಗೆ ಸೊಳ್ಳೆಯ ಕರುಳಿನ ವರ್ಣನೆ ಇತ್ತು, ಚಿತ್ರಸಮೇತ. ಬೈಂಡಿಂಗಿನವರು ಹದಿನಾರು ಪುಟಗಳ ಒಂದು ಫಾರಮ್ಮನ್ನು ಅದಲುಬದಲು ಮಾಡಿದ್ದರು, ಎಲ್ಲ ಪ್ರತಿಗಳಲ್ಲೂ. ಆಕೆಯ ಅವ್ವನ ಕೊನೆಯ ದಿನಗಳು ಪ್ರಾಣಿಶಾಸ್ತ್ರದ ಪ್ರೊಫೆಸರ್ ವೃಷಭೇಂದ್ರಪ್ಪನವರ 'ಸೊಳ್ಳೆಯ ಜೀರ್ಣಾಂಗ'ದೊಳಗೆ ಸೇರಿದ್ದವು. ಆ ಪುಸ್ತಕಕ್ಕೆ ಪ್ರಶಸ್ತಿ ಬಂದಿತ್ತು. ವಿಮರ್ಶಕರು ಅದರ ಮಾನವೀಯ ಸ್ಪರ್ಶವನ್ನು ಹೊಗಳಿದ್ದರೆ ಯಾರೋ ಓದಿದ್ದಾರೆಂಬ ಸಮಾಧಾನವಾದರೂ ಇರುತ್ತಿತ್ತು. ವೈಜ್ಞಾನಿಕ ನಿಖರತೆಯನ್ನು ಹೊಗಳಿದ್ದರು. ಪ್ರೊಫೆಸರರನ್ನು ಆಕೆ ಮೊದಲೇ ಕೇಳಿ ಬಂದಿದ್ದರು. ತಮ್ಮ ಪುಸ್ತಕವನ್ನು ತಾವಿನ್ನೂ ಪೂರ್ತಿ ಓದಿಲ್ಲ, ಬರವಣಿಗೆಯನ್ನೆಲ್ಲ ಸಂಶೋಧನಾ ವಿದ್ಯಾರ್ಥಿಗಳು ನೋಡಿಕೊಂಡರು ಎಂದರಂತೆ.

ಪುಟಗಳನ್ನು ಸರಿಪಡಿಸಬೇಕಾದರೆ ನನ್ನ ಸಹಿ ಸುಳ್ಳೆಂದು ಒಪ್ಪಬೇಕು. ಒಪ್ಪಿದರೆ ಸಹಿ ರದ್ದು, ಪುಸ್ತಕ ರುಬ್ಬುಮನೆಗೆ. ಸುಮ್ಮನಿದ್ದರೆ ಪುಸ್ತಕ ಉಳಿಯುತ್ತದೆ, ಅವ್ವನ ಜಾಗದಲ್ಲಿ ಸೊಳ್ಳೆಯನ್ನಿಟ್ಟುಕೊಂಡು. ಸುಮ್ಮನಿರೋಣ, ಹೇಗೂ ಯಾರೂ ತೆರೆದು ನೋಡುವುದಿಲ್ಲ ಎಂದು ನಾನು ಸಲಹೆ ಕೊಟ್ಟೆ. ಆಕೆಗೆ ಸೊಳ್ಳೆಗಿಂತ ಹೆಚ್ಚು ಕಚ್ಚಿದ್ದು ಆ ಮಾತು.

"ರುಬ್ಬಿದರ ರುಬ್ಬಲಿ ಬಿಡ್ರಿ. ಅದಕ್ಕಿಂತ ಮೊದಲ ಒಬ್ಬರರೆ ಓದ್ರಿ. ನಾ ಇಲ್ಲೇ ಕುಂದರತೀನಿ."

ಕೂತರು. ಎರಡೂ ಪುಸ್ತಕ ಮುಂದಿಟ್ಟುಕೊಂಡು ಸಂಜೆಯವರೆಗೆ ಓದಿದೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಮೊದಲ ಸಲವಾದ್ದರಿಂದ ಕತ್ತು ನೋಯಿತು. ಮುಗಿಸಿದಾಗ ಆಕೆ ಹೇಗಿದೆ ಎಂದು ಕೇಳಲಿಲ್ಲ. ಎಲ್ಲಿ ಬೇಸರವಾಯಿತು ಎಂದು ಕೇಳಿದರು. ಮೂವತ್ತೊಂದನೇ ಪುಟದಲ್ಲಿ, ಮೆಸ್ಸಿನ ಪಾತ್ರೆಗಳ ಪಟ್ಟಿ ಬಂದ ಕಡೆ ಎಂದೆ. ಆಕೆ ಮೊದಲ ಬಾರಿಗೆ ನಕ್ಕರು.

"ಅಲ್ಲಿ ಬರಿಯೋ ಮುಂದ ನನಗೂ ಬ್ಯಾಸರಾಗಿತ್ರಿ."

ಮರುದಿನ ನನ್ನ ಸಹಿಯನ್ನು ನಾನೇ ರದ್ದು ಮಾಡಿ ಬರೆದುಕೊಟ್ಟೆ. ಮುನ್ನೂರು ಪ್ರತಿಗಳು, ಲೇಖಕಿಯ ಪ್ರತಿಯೂ ಸೇರಿ, ರುಬ್ಬುಮನೆಗೆ ಹೋದವು. ನನಗೆ ಅಮಾನತು. 'ಸೊಳ್ಳೆಯ ಜೀರ್ಣಾಂಗ'ಕ್ಕೆ ಸಹಿ ಹಾಕಿದ ಸಹೋದ್ಯೋಗಿ ತುಟಿ ಬಿಚ್ಚಲಿಲ್ಲವಾಗಿ ಅದು ಕಪಾಟಿನಲ್ಲಿ ಸುಖವಾಗಿದೆ. ಅವ್ವ ಅದರೊಳಗಿದ್ದಾಳೆ, ಸೊಳ್ಳೆಯ ಹೊಟ್ಟೆಯಲ್ಲಿ.

ಮಾನ್ಯರೇ, ನಮ್ಮ ಈ ನಿಯಮಗಳೆಲ್ಲ ನಿಮ್ಮ ಕಾಲದ ಸೌಜನ್ಯದ ಮಕ್ಕಳು. ಪಕ್ಕದ ಕೋಣೆಯವರ ಪುಸ್ತಕವನ್ನು ಮುಟ್ಟಿ, ಚೆನ್ನಾಗಿ ಬಂದಿದೆ ಎಂದು ಹೇಳಿ ಕಾಫಿಗೆ ಹೋಗಬೇಡಿ. ಒಂದನ್ನಾದರೂ ಒಯ್ದು ಓದಿ, ಬರೆದವರ ಬಾಗಿಲು ತಟ್ಟಿ, ಎಲ್ಲಿ ಬೇಸರವಾಯಿತೆಂದು ಹೇಳಿ. ಅವರು ಜಗಳಕ್ಕೆ ಬಂದರೆ ಇಬ್ಬರದೂ ಅದೃಷ್ಟ.

ಆ ಹದಿನಾರು ಪುಟಗಳಲ್ಲಿ ಅವ್ವನಿಗೆ ಏನಾಯಿತೆಂದು ನೀವು ಕೇಳಬಹುದು. ಹೇಳುವುದಿಲ್ಲ. ಓದದವರಿಗೆ ಸಾರಾಂಶ ಹೇಳಿ ಹೇಳಿಯೇ ನಾವು ಹೀಗಾದದ್ದು.

ಇತಿ,
ಗುರುಶಾಂತ ಮುಧೋಳ
ಓದುಗಾಧಿಕಾರಿ (ಅಮಾನತಿನಲ್ಲಿ)