ಕೊಕ್ಕೆಯಿಲ್ಲದ ಟಾಯ್ಲೆಟ್ಟಿನಲ್ಲಿ ಏಳು ನಿಮಿಷ

ಅಕ್ಕಾ,

ಗೆದ್ದುಬಿಟ್ಟೆ ಕಣೇ! ಗುರುತು ಪರಿಚಯ ಇಲ್ಲದ ಊರಿನ ಬಸ್ ಸ್ಟ್ಯಾಂಡ್ ಟಾಯ್ಲೆಟ್ಟಿನಲ್ಲಿ ಒಬ್ಬಳೇ ನಿಂತು ಹೊಟ್ಟೆಯ ಚೀಲ ಬದಲಾಯಿಸಿಕೊಂಡೆ. ಒಳಗೆ ಕೊಕ್ಕೆಯಿಲ್ಲ, ಸಾಮಾನಿಡೋಕೆ ಗೇಣು ಜಾಗವಿಲ್ಲ. ಕೈಚೀಲ ಕುತ್ತಿಗೆಗೆ ನೇತುಹಾಕಿಕೊಂಡು, ಕುರ್ತಾ ಮೇಲೆತ್ತಿ, ನೀನು ಬಟ್ಟೆ ಒಣಹಾಕೋ ತಂತಿಯಿಂದ ಕಿತ್ತುಕೊಟ್ಟ ಕ್ಲಿಪ್ಪು ಸಿಕ್ಕಿಸಿದೆ. ಹೊರಗೆ ಉದ್ದ ಸಾಲು. ಗುಡಿಸುವವಳು ಬಾಗಿಲು ಬಡಿದು, "ಒಳಗೇ ಸಂಸಾರ ಹೂಡಿದೀಯೇನಮ್ಮಾ?" ಅಂದಳು. ಮೊದಲಾಗಿದ್ದರೆ ಅಳ್ತಿದ್ದೆ. ಇವತ್ತು ಒಳಗಿನಿಂದಲೇ ಕೂಗಿದೆ: "ಆಪರೇಷನ್ ಆಗಿದೆ, ನನಗೆ ಮಲ ಬರೋದು ಹೊಟ್ಟೆಗೆ ಅಂಟಿಸಿರೋ ಚೀಲಕ್ಕೆ. ಅದನ್ನ ಬದಲಾಯಿಸೋಕೆ ಏಳು ನಿಮಿಷ ಬೇಕು, ಕಾಯಿರಿ!" ಹೊರಗೆ ಬಂದರೆ ಅವಳೇ ಸೋಪು ಹಿಡಿದು ನಿಂತಿದ್ದಾಳೆ! "ವಾಪಸ್ ಬರುವಾಗ ನನ್ನ ಕೇಳು, ನಮ್ಮ ಸ್ಟಾಫ್ ಟಾಯ್ಲೆಟ್ ಬೀಗ ತೆಗೆದುಕೊಡ್ತೀನಿ. ಅಲ್ಲಿ ಕೊಕ್ಕೆ ಇದೆ" ಅಂದಳು.

ಚೀಲ ಅಂಟಿಸೋ ಜಾಗದಲ್ಲಿ ಚರ್ಮ ಕೆಂಪಾಗಿಲ್ಲ. ಇನ್ನೂ ಒಂಬತ್ತು ಚೀಲ ಇವೆ, ಧಾರಾಳ ಸಾಕು.

ಯಾರಿಗೂ ಹೇಳಬೇಡ ಅಂತ ನಿನ್ನ ಕೈಲಿ ಆಣೆ ಮಾಡಿಸಿಕೊಂಡಿದ್ದೆನಲ್ಲ, ಅದು ಇವತ್ತಿಗೆ ರದ್ದು. ಅದಕ್ಕೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದೆ. ಪೋಸ್ಟ್‌ಮ್ಯಾನ್ ಓದಿಕೊಂಡೇ ತಂದುಕೊಡಲಿ.

ನಿನ್ನ ತಂಗಿ