ಅಕ್ಕನ ಸರದಿ

ಮನೆ,
ಮಾರ್ಚ್ ಒಂಬತ್ತು, ಭಾನುವಾರ

ನನ್ನ ಮುದ್ದಿನ ಅಕ್ಕಾ,

ಅಪ್ಪ ಈಗ ಹೇಗಿದ್ದಾರೆ? ಗೋಡೆ ಹಿಡಿಯದೆ ನಡೆಯುತ್ತಾರಾ, ಇಲ್ಲ ಇನ್ನೂ ನಿನ್ನ ಹೆಗಲೇ ಗತಿಯಾ? ವ್ಯಾಯಾಮ ಮಾಡಿಸಲು ಬಂದವರನ್ನೇ ಬೈದು ಕಳಿಸಿದರು ಎಂದು ನೀನು ಹೇಳಿದಾಗ ನಕ್ಕುಬಿಟ್ಟೆ, ಆಮೇಲೆ ಸಂಕಟವಾಯಿತು. ಇಬ್ಬರೂ ಮಾಡಬೇಕಾದ್ದನ್ನು ನೀನೊಬ್ಬಳೇ ಮಾಡುತ್ತಿದ್ದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಹೊರಡುವಾಗ ನೀನು, "ನನ್ನ ಕೋಶಗಳನ್ನ ನೋಡ್ಕೊಳೇ. ನೀನಿದ್ದೀಯಲ್ಲ, ನಂಗೇನು ಯೋಚ್ನೆ" ಅಂದಿದ್ದೆ. ನೋಡಿಕೊಂಡೆ. ಚಳಿಗಾಲವಿಡೀ ನೀನು ಪ್ರಯೋಗಾಲಯದಲ್ಲಿ ಬೆಳೆಸಿದ ಆ ಹೃದಯಕೋಶಗಳು ಗುರುವಾರ ಒಂದೇ ಲಯದಲ್ಲಿ ಮಿಡಿಯುತ್ತಿದ್ದವು. ನೀನು ಹೇಳಿದಂತೆ, ಪರೀಕ್ಷಿಸಬೇಕಿದ್ದ ಔಷಧಿ ಹಾಕಿದೆ. ಮರುದಿನ ಬೆಳಿಗ್ಗೆಯೇ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯಬೇಕಿತ್ತು. ತಡವಾದರೆ ಔಷಧಿಯೇ ಅವನ್ನು ಕೊಲ್ಲುತ್ತದೆ. ಆ ಹೊತ್ತಿಗೆ ಯಂತ್ರದ ಸರದಿಯೂ ನಿನ್ನದೇ ಇತ್ತು.

ಶುಕ್ರವಾರ ಬೆಳಿಗ್ಗೆ, ನಾನು ನೋಡಿಕೊಳ್ಳುವ ಸೂಕ್ಷ್ಮದರ್ಶಕ ಕೇಂದ್ರದ ಇನ್ನೊಂದು ಯಂತ್ರದ ಲೇಸರ್ ಕೈಕೊಟ್ಟಿತು. ಎಲ್ಲ ಪ್ರಯೋಗಾಲಯಗಳಿಗೂ ಉಳಿದದ್ದು ನಿನ್ನ ಸರದಿಯಿದ್ದ ಆ ದೊಡ್ಡದೊಂದೇ. ಅಷ್ಟರಲ್ಲಿ ಉಸಿರಮ್ಮ ಬಂದಳು. ಮೊನ್ನೆ ಮೊನ್ನೆ ನನ್ನ ಹತ್ತಿರ ತರಬೇತಿ ಮುಗಿಸಿದಳಲ್ಲ, ಲೆನ್ಸು ಗಾಜಿಗೆ ತಗುಲೀತೆಂದು ಉಸಿರು ಬಿಗಿಹಿಡಿಯುವವಳು, ನೀನೇ ಇಟ್ಟ ಹೆಸರು. ಕೈಯಲ್ಲಿ ಆಸ್ಪತ್ರೆಯ ಐಸ್ ಡಬ್ಬಿ. ಅದರಲ್ಲಿ ಒಂದು ಮಗುವಿನ ಮೆದುಳಿನಿಂದ ಆಗಷ್ಟೇ ತೆಗೆದ ಗಡ್ಡೆಯ ಚೂರು. ತೀರಾ ಅಪರೂಪದ್ದಂತೆ. ಸಂಜೆಯೊಳಗೆ ಅದೂ ಸತ್ತುಹೋಗುತ್ತಿತ್ತು. ಒಂದರ ಚಿತ್ರಕ್ಕೇ ಇಡೀ ದಿನ ಬೇಕು.

ನಿನ್ನ ಸರದಿ ಅವಳಿಗೆ ಹೋಯಿತು ಅಕ್ಕಾ. ನಿನಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನೀನು ಬೇಡ ಎಂದರೆ ಏನು ಮಾಡುವುದೆಂಬ ಭಯ. ಅವಳು ಚಿತ್ರ ಮುಗಿಸಿ ಯಂತ್ರದ ಮುಂದಿನಿಂದ ಏಳುವ ಹೊತ್ತಿಗೆ ನಿನ್ನ ಕೋಶಗಳು ಅಲ್ಲೊಂದು ಇಲ್ಲೊಂದು ಮಿಡಿಯುತ್ತಿದ್ದವು. ನಾನು ಕಣ್ಣಿಟ್ಟು ನೋಡುತ್ತಿರುವಾಗಲೇ ಅವೂ ನಿಂತವು. ಆ ತಟ್ಟೆಯನ್ನು ಎಸೆಯಲು ಇನ್ನೂ ಕೈ ಬಂದಿಲ್ಲ.

ನಿನ್ನೆ ನೀನು ಫೋನಿನಲ್ಲಿ, "ಚಿತ್ರ ಚೆನ್ನಾಗಿ ಬಂತೇನೇ?" ಎಂದು ಕೇಳಿದೆ. ನಿನ್ನ ಹಿಂದೆ ಅಪ್ಪ ಕೆಮ್ಮುವುದು ಕೇಳಿಸಿತು. "ಹೂಂ, ಬಂತು" ಅಂದುಬಿಟ್ಟೆ. ಅದು ಸುಳ್ಳು. ಎದುರಿಗೆ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ನೀನು ಬಂದಮೇಲೆ ಎಷ್ಟು ಬೇಕಾದರೂ ಬೈಯಿ. ಹೊಸ ಕೋಶಗಳನ್ನು ಬೆಳೆಸುವಾಗ ರಜೆಯ ದಿನಗಳಲ್ಲೆಲ್ಲ ನಾನೇ ಬಂದು ನೋಡಿಕೊಳ್ಳುತ್ತೇನೆ, ನೀನು ಒಪ್ಪಿದರೆ.

ಅಪ್ಪನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಉಸಿರಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳು ಬಾಯಿಬಿಟ್ಟು ಕೇಳಲೇ ಇಲ್ಲ. ಸರದಿಯ ಬೋರ್ಡಿನಲ್ಲಿ ನಿನ್ನ ಹೆಸರು ನೋಡಿ, ಡಬ್ಬಿ ಎತ್ತಿಕೊಂಡು ಸುಮ್ಮನೆ ಹೊರಟಿದ್ದಳು. ಕಾರಿಡಾರಿಗೆ ಓಡಿಹೋಗಿ ಕರೆತಂದವಳು ನಾನು. ಎರಡು ದಿನದಿಂದ ಅಳುತ್ತಿದ್ದೇನೆ ಅಕ್ಕಾ, ಆದರೂ ಅವಳನ್ನು ಕರೆಯಬಾರದಿತ್ತು ಎಂದು ಮಾತ್ರ ಅನ್ನಿಸುತ್ತಿಲ್ಲ.