‘ಬೇಡ’ ಎಂದು ಸಹಿ ಹಾಕಿದವಳು

ಹಾರ್ಲೋ, ಕಾನ್ಸಾಸ್
ಮೇ 9

ಮಿಸೆಸ್ ಒರ್ಟೇಗಾ ಅವರಿಗೆ, ಶಾಲೆಯ ಅಡುಗೆಮನೆಯ ಡೋರೀನ್ ಪ್ರೂಯಿಟ್ ಮಾಡುವ ನಮಸ್ಕಾರ.

ನೀವು ಕೆಲಸ ಬಿಟ್ಟು ಹೋದಿರೆಂದು ಸೋಮವಾರ ತಿಳಿಯಿತು. ಕೌನ್ಸೆಲರ್ ಎಂಬ ಹಲಗೆ ತೆಗೆದು, ನಿಮ್ಮ ಕೋಣೆಯಲ್ಲಿ ಕಾಗದದ ಕಟ್ಟುಗಳನ್ನು ಪೇರಿಸಿದ್ದಾರೆ.

ಮಾಂಸದ ಕಾರ್ಖಾನೆಗೆ ದುಡಿಯಲು ಬಂದ ಸೊಮಾಲಿ, ಗ್ವಾಟೆಮಾಲಾದವರ ಮಕ್ಕಳನ್ನೂ ನಮ್ಮ ಮಕ್ಕಳನ್ನೂ ಗುರುವಾರದ ಊಟಕ್ಕೆ ನೀವು ಒಂದೇ ಮೇಜಿಗೆ ಕೂರಿಸುತ್ತಿದ್ದಿರಿ. ನನ್ನ ಮಗಳು ಟೆಸ್ಸಾ ಕೂಡ ಅಲ್ಲಿ ಕೂರುತ್ತಿದ್ದಳು. ಊರಲ್ಲಿ ಅದೇ ಜಗಳಕ್ಕೆ ಕಾರಣವಾಯಿತು. ಸಭೆಯಲ್ಲಿ ಶಾಲಾ ಮಂಡಳಿಯ ವೆಂಡೆಲ್ ಕ್ರೌಸ್ ಎದ್ದು, “ನಮ್ ಮಕ್ಳ ತಲೇಲಿ ಏನ್ ತುಂಬ್ತಿದೀರ ಮೇಡಂ?” ಅಂದರು.

“ತಲೇಲಿ ಏನೂ ಇಲ್ಲ ಸಾರ್, ಹೊಟ್ಟೇಲಿ ಚಿಲ್ಲಿ ಸಾರು, ದಾಲ್ಚಿನ್ನಿ ರೋಲು. ಗುರುವಾರ ನೀವೂ ಬನ್ನಿ, ಬಡಿಸ್ತೀವಿ” ಅಂದಿರಿ. ಎಲ್ಲರೂ ನಕ್ಕರು. ಕ್ರೌಸ್ ನಗಲಿಲ್ಲ. ಮರುವಾರವೇ ನಿಯಮ ಬಂತು: ಹೆತ್ತವರು ಒಪ್ಪದೆ ಕೌನ್ಸೆಲರ್ ಯಾವ ಮಗುವಿನ ಜೊತೆಗೂ ಪಾಠದ ವಿಷಯ ಬಿಟ್ಟು ಬೇರೆ ಮಾತಾಡಬಾರದು.

ಚರ್ಚಿನ ಬಾಗಿಲಲ್ಲಿ ಹೆತ್ತವರ ಒಪ್ಪಿಗೆ ಕೇಳುವ ಅರ್ಜಿ ಹಂಚಿದರು. ‘ಬೇಡ’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿದ್ದರು. ನನ್ನ ಗಂಡ ಗಾರ್ತ್ ತೀರಿಕೊಂಡು ಆಗ ಮೂರು ವಾರ. ಸಹಿ ಮಾಡಿದೆ.

ಮಾರ್ಚಿನಲ್ಲಿ ಟೆಸ್ಸಾ ನಿಮ್ಮ ಬಾಗಿಲಿಗೆ ಬಂದು ಅತ್ತಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನೀವು ಅವಳನ್ನು ಒಳಗೆ ಕರೆಯದೆ ಅಡುಗೆಮನೆಗೆ ಫೋನ್ ಮಾಡಿದಿರಿ. “ಡೋರೀನ್, ಮಗು ಇಲ್ಲೇ ನಿಂತಿದೆ. ಒಂದ್ಸಲ ಹ್ಞೂಂ ಅನ್ನಿ ಸಾಕು, ಸಹಿ ಆಮೇಲೆ ನೋಡೋಣ” ಅಂದಿರಿ. ನಾನು ಕೈಗವಸು ಕೂಡ ಬಿಚ್ಚದೆ, “ನಮ್ ಮನೆ ವಿಷಯ ನಾವ್ ನೋಡ್ಕೋತೀವಿ. ಅವಳನ್ನ ಕ್ಲಾಸಿಗೆ ಕಳ್ಸಿ” ಅಂದೆ. ನನ್ನ ದನಿ ಅವಳಿಗೂ ಕೇಳಿಸಿತಂತೆ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಈಸ್ಟರ್ ಮುಗಿದ ಮೇಲೆ ಅವಳು ವಿಚಿಟಾ ನಗರಕ್ಕೆ, ಸೋದರತ್ತೆ ಜೋಲೀನ್ ಮನೆಗೆ ಹೋದಳು. ಹದಿನೈದು ವರ್ಷದವಳು. ಫೋನ್ ಮಾಡಿದರೆ ಜೋಲೀನಳೇ ಎತ್ತುತ್ತಾಳೆ: “ಸ್ನಾನಕ್ಕೆ ಹೋಗಿದಾಳೆ ಅತ್ತಿಗೆ.” ನನ್ನ ಮಗಳು ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೋ ದೇವರಿಗೇ ಗೊತ್ತು.

ನಿಮ್ಮ ಮೇಲೂ ಸಿಟ್ಟಿದೆ. ನಿಯಮ ಮುರಿದು ಅವಳನ್ನು ಒಳಗೆ ಕೂರಿಸಬಹುದಿತ್ತು. ಕೆಲಸ ಹೇಗೂ ಹೋಯಿತು, ಅವತ್ತೇ ಹೋಗಿದ್ದರೆ ಏನಾಗುತ್ತಿತ್ತು? ನನ್ನ ಜೊತೆ ಕೆಲಸ ಮಾಡುವ ಲೋರ್ನಾಗೆ ಇದನ್ನೇ ಹೇಳಿದೆ. ಅವಳು ತಟ್ಟೆ ಉಜ್ಜುತ್ತಲೇ, “ಬೀಗ ಹಾಕ್ದೋಳು ನೀನು. ಬಾಗ್ಲು ಒದೀಲಿಲ್ಲ ಅಂತ ಆಯಮ್ಮನ್ನ ಬೈತೀಯಲ್ಲೇ!” ಅಂದಳು. ಎರಡು ದಿನ ಅವಳನ್ನು ಮಾತಾಡಿಸಲಿಲ್ಲ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಅಂದು ಬಾಗಿಲಲ್ಲಿ ನಿಂತು ಟೆಸ್ಸಾ ನಿಮಗೆ ಏನಾದರೂ ಹೇಳಿದಳೇ? ಅಷ್ಟು ತಿಳಿಸಿ. ಈಗ ನಿಮಗೆ ಯಾವ ನಿಯಮವೂ ಅಡ್ಡಿಯಿಲ್ಲ.

ಇಂತಿ,
ಟೆಸ್ಸಾಳ ತಾಯಿ
ಡೋರೀನ್ ಪ್ರೂಯಿಟ್

ತಾ.ಕ.: ವಿಚಿಟಾದ ಶಾಲೆಯಿಂದಲೂ ಅರ್ಜಿ ಬಂದಿದೆ. ಕೌನ್ಸೆಲರ್ ಜೊತೆ ಮಾತಾಡಬೇಕೆಂದು ಟೆಸ್ಸಾಳೇ ಕೇಳಿದ್ದಾಳಂತೆ. ಹನ್ನೊಂದು ದಿನವಾಯಿತು, ಸಹಿ ಹಾಕಿಲ್ಲ. ನಾನು ಸಹಿ ಹಾಕದ್ದಕ್ಕೂ ಸೊಮಾಲಿ ಮಕ್ಕಳ ಮೇಜಿಗೂ ಸಂಬಂಧವಿಲ್ಲ. ಆಗಲೂ ಇರಲಿಲ್ಲ. ತೀರಿಕೊಂಡ ದಿನ ಬೆಳಿಗ್ಗೆ ಗಾರ್ತ್ ಎದೆ ಹಿಡಿದುಕೊಂಡು ಕೂತಾಗ “ಅಮ್ಮಾ, ಆಂಬುಲೆನ್ಸ್ ಕರೀ” ಎಂದವಳು ಟೆಸ್ಸಾ. “ಬರೀ ಗ್ಯಾಸು ಕಣೇ, ಸ್ಕೂಲ್ ಬಸ್ ಹೋಗ್ಬಿಡುತ್ತೆ, ನಡಿ” ಎಂದವಳು ನಾನು.